ಸಕ್ಕರೆಗೊಂದು ವಾರದ ತರಬೇತಿ

ದುಭಾಷಿಗಳು ತಮ್ಮ ಗುರುತಿನ ಚೀಟಿಯನ್ನು ಹೊಸದು ಮಾಡಿಸಿಕೊಳ್ಳಬೇಕಾದರೆ ಒಂದು ವಾರದ ತರಬೇತಿಗೆ ಬರಲೇಬೇಕು ಎಂಬ ಸುದ್ದಿ ಬಂದ ದಿನ ಸಕ್ಕರೆಯ ಅಡುಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಮಾತಾಡಿದವು. ಆಸ್ಪತ್ರೆ, ಕೋರ್ಟು, ಪೊಲೀಸ್ ಠಾಣೆ, ಹೆರಿಗೆ ವಾರ್ಡು, ಹೀಗೆ ಕಿವುಡರಿಗೂ ಕಿವಿ ಕೇಳುವವರಿಗೂ ನಡುವೆ ಮಾತು ನಡೆಯಬೇಕಾದ ಕಡೆಯಲ್ಲೆಲ್ಲ ಅವಳ ಕೈಯೂ ಬಾಯೂ ದುಡಿದು ಬಂದಿದ್ದವು. ಸನ್ನೆ ಭಾಷೆಯ ದುಭಾಷಿ ಎಂದರೆ ಏನೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅವಳು ಈ ಕೆಲಸ ಶುರುಮಾಡಿದವಳು. ಅಂಥವಳಿಗೆ ಪಾಠ ಹೇಳಲು ಹೊರಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಎಂದು ಅವಳು ಗಂಡನ ಮುಂದೆ ಕೂಗಾಡಿದಳು. ಗಂಡ ಏನೋ ಹೇಳಲು ಬಾಯಿ ತೆರೆದವನು, ತೆರೆದ ಬಾಯಿಗೆ ಒಂದು ತುತ್ತು ಹಾಕಿಕೊಂಡು ಸುಮ್ಮನಾದ.

ಸಕ್ಕರೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಿವುಡರು ತಮ್ಮ ನಡುವೆ ಓಡಾಡುವ ಪ್ರತಿಯೊಬ್ಬರಿಗೂ ಒಂದು ಸನ್ನೆಹೆಸರು ಇಡುತ್ತಾರೆ. ಅದನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಇಟ್ಟ ಮೇಲೆ ಬೇಡ ಅನ್ನುವ ಹಾಗೂ ಇಲ್ಲ. ಮೂಗು ಉದ್ದ ಇದ್ದವನಿಗೆ ಮೂಗೇ ಹೆಸರು, ಗಳಿಗೆಗೊಮ್ಮೆ ಗಡಿಯಾರ ನೋಡುವವಳಿಗೆ ಮಣಿಕಟ್ಟೇ ಹೆಸರು. ಇವಳನ್ನು ಕರೆಯಬೇಕಾದರೆ ಎಡಗೈಯನ್ನು ಲೋಟದಂತೆ ಹಿಡಿದು ಬಲಗೈಯಿಂದ ಒಂದು ಚಿಟಿಕೆ ಸಕ್ಕರೆ ಉದುರಿಸಿದರೆ ಆಯಿತು. ತನ್ನ ಸಿಹಿಯಾದ ಸ್ವಭಾವ ನೋಡಿ ಹಾಗೆ ಕರೆಯುತ್ತಾರೆಂದು ಅವಳು ನಂಬಿದ್ದಳು. ಇನ್ನೊಬ್ಬರ ಮಾತಿಗೆಲ್ಲ ಸಕ್ಕರೆ ಬೆರೆಸಿ ಕೊಡುತ್ತಾಳೆಂದು ಹಾಗೆ ಕರೆಯುತ್ತಿದ್ದರು. ಇದು ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಡಾಕ್ಟರು "ಇಷ್ಟ್ ದಿನ ಏನ್ ಕತ್ತೆ ಕಾಯ್ತಿದ್ರಾ" ಎಂದು ರೇಗಿದರೆ ಸಕ್ಕರೆಯ ಕೈ, ಸ್ವಲ್ಪ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಎನ್ನುತ್ತಿತ್ತು. ಈ ಡಾಕ್ಟರಿಗೆ ತಲೆ ಸರಿ ಇಲ್ಲ ಎಂದು ರೋಗಿ ಸನ್ನೆ ಮಾಡಿದರೆ ಅವಳ ಬಾಯಿ, ಇನ್ನೊಮ್ಮೆ ಬಿಡಿಸಿ ಹೇಳಬೇಕಂತೆ ಎನ್ನುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಾನು ನಡುವೆ ಕೂತಿರುವಾಗ ಒಂದು ಜಗಳವೂ ಆಗಿಲ್ಲ ಎಂಬುದು ಅವಳ ಹೆಮ್ಮೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆಯೇ ಇದೆಯಲ್ಲ ಎಂದು ಅವಳು ಹೇಳುತ್ತಿದ್ದಳು. ಆ ಗಾದೆ ಮಾಡಿದವನು ದುಭಾಷಿಯಾಗಿರಲಿಲ್ಲ, ಅದು ಬೇರೆ ವಿಷಯ.

ಈ ಚಟ ಹತ್ತಿದ್ದು ಮನೆಯಲ್ಲೇ. ಅವಳ ಅಕ್ಕ ಹುಟ್ಟು ಕಿವುಡಿ. ಅಪ್ಪ ದೂರ್ವಾಸ ಮುನಿಯ ವಂಶದವನು, ಅಕ್ಕನೂ ಅದೇ ವಂಶದವಳು, ನಡುವೆ ಈ ಚಿಕ್ಕವಳು. ಅಪ್ಪ ಕೂಗಾಡಿದರೆ, ಅಪ್ಪನಿಗೆ ಇವತ್ತು ತಲೆನೋವಂತೆ ಎಂದು ಅಕ್ಕನಿಗೆ ಸನ್ನೆ. ಅಕ್ಕ ತಿರುಗಿಬಿದ್ದರೆ, ಅಕ್ಕ ತಪ್ಪಾಯ್ತು ಅಂತಿದ್ದಾಳೆ ಎಂದು ಅಪ್ಪನಿಗೆ ವರದಿ. ದೊಡ್ಡ ಮಗಳಷ್ಟು ವಿಧೇಯಳು ಲೋಕದಲ್ಲಿಲ್ಲ ಎಂದು ನಂಬಿಕೊಂಡೇ ಅಪ್ಪ ಕಣ್ಣು ಮುಚ್ಚಿದ.

ಆ ಅಕ್ಕ ಈಗ ಪೇಟೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಮಗಳನ್ನು ಓದಿಸಿದ್ದಾಳೆ. ಬ್ಯಾಂಕಿರಲಿ, ದವಾಖಾನೆಯಿರಲಿ, ಅಕ್ಕನ ಬಾಯಿ ಎಂದರೆ ತಂಗಿಯೇ ಆಗಿದ್ದಳು. ಕಳೆದ ವರ್ಷ ಮಗಳನ್ನು ನೋಡಲು ಒಂದು ಗಂಡಿನ ಕಡೆಯವರು ಬಂದರು ನೋಡಿ, ಅಂದಿನಿಂದ ಎಲ್ಲ ಕೆಟ್ಟಿತು. ಗಂಡಿನ ಅಜ್ಜಿ ಮಾತಿನ ನಡುವೆ, ಹುಟ್ಟುವ ಮಕ್ಕಳೂ ಹೀಗೇ ಆದರೆ ಏನು ಗತಿ ಎಂದು ಕೇಳಿದಳು. ಸಕ್ಕರೆ ಅಕ್ಕನ ಕಡೆ ತಿರುಗಿದಳು. ಮೊಮ್ಮಕ್ಕಳು ನಿನ್ನನ್ನೇ ಹೋಲಬಹುದಾ ಎಂದು ಕೇಳುತ್ತಿದ್ದಾರೆ ಎಂದು ಕೈಯಲ್ಲಿ ಹೇಳಿದಳು. ಅಕ್ಕ ಮುಖವರಳಿಸಿ, ಹೋಲಲಿ, ನನ್ನ ಹಾಗೇ ಇರಲಿ, ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ ಎಂದಳು. ಅದನ್ನು ಹಾಗೇ ಹೇಳಿದರೆ ಮನೆಗೆ ಬೆಂಕಿ ಬೀಳುತ್ತದೆಂದು ಸಕ್ಕರೆ, ಎಲ್ಲ ಒಳ್ಳೆಯದಾಗುತ್ತೆ ಅಂತಿದ್ದಾಳೆ ಎಂದುಬಿಟ್ಟಳು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕಿವಿಯೂ ಕೇಳುತ್ತದೆ, ಸನ್ನೆಯೂ ಬರುತ್ತದೆ.

ಆ ಸಂಬಂಧವನ್ನು ಮಗಳೇ ಬೇಡವೆಂದಳು, ಯಾಕೆಂದು ಅಮ್ಮನಿಗೆ ಹೇಳಿದಳು. ಅಕ್ಕ ತಂಗಿಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮುಂದಿನ ಸಲ ಬ್ಯಾಂಕಿಗೆ ಹೋಗುವಾಗ ಕೊಕ್ಕರೆ ಎಂಬ ಬೇರೊಬ್ಬ ದುಭಾಷಿಯನ್ನು ಕರೆದುಕೊಂಡು ಹೋದಳು, ಅಷ್ಟೇ. ಕೊಕ್ಕರೆ ಉದ್ದ ಕತ್ತಿನ, ಮಿತಮಾತಿನ ಹೆಂಗಸು, ಸಕ್ಕರೆಗಿಂತ ಹದಿನೈದು ವರ್ಷ ಚಿಕ್ಕವಳು. ಸಕ್ಕರೆಗೆ ಹೊಟ್ಟೆ ಉರಿಯಿತು. ಅಂಥ ಮಾತನ್ನು ಒಡಹುಟ್ಟಿದವಳ ಮುಖಕ್ಕೆ ಹೇಳಲು ತನ್ನ ಕೈಯಾದರೂ ಹೇಗೆ ಏಳಬೇಕಿತ್ತು ಎಂದು ಅವಳು ಸಿಕ್ಕವರನ್ನೆಲ್ಲ ಕೇಳಿದಳು, ಅಕ್ಕನೊಬ್ಬಳನ್ನು ಬಿಟ್ಟು. ಈಗ ಮಗಳಿಗೆ ಇನ್ನೊಂದು ಸಂಬಂಧ ಬಂದಿತ್ತು. ತರಬೇತಿ ಮುಗಿದ ಮಾರನೆಯ ದಿನ, ಭಾನುವಾರ, ಎರಡೂ ಕಡೆಯವರು ಅಕ್ಕನ ಮನೆಯಲ್ಲಿ ಸೇರುವುದಿತ್ತು. ಅಲ್ಲಿಗೂ ಕೊಕ್ಕರೆಯೇ ಬರುವವಳು. ಅಕ್ಕನಿಗೆ ಬಾಯಿಯಾಗಲು ತನಗೆ ಮತ್ತೆ ಒಂದು ಅವಕಾಶ ಸಿಗಬೇಕು, ಸಕ್ಕರೆಗೆ ಬೇಕಿದ್ದದ್ದು ಇಷ್ಟೇ. ಗುರುತಿನ ಚೀಟಿಯ ಚಿಂತೆ ಅವಳಿಗೆ ಅದರ ಅರ್ಧವೂ ಇರಲಿಲ್ಲ.

ತರಬೇತಿಯ ಕೋಣೆಯಲ್ಲಿ ಕುರ್ಚಿಗಳನ್ನು ಲಾಳದ ಆಕಾರದಲ್ಲಿ ಜೋಡಿಸಿದ್ದರು, ಎಲ್ಲರ ಕೈಯೂ ಎಲ್ಲರಿಗೂ ಕಾಣಬೇಕು. ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಕಿಟಕಿಗೆ ಪರದೆ ಎಳೆದಿದ್ದರು. ಮೇಷ್ಟ್ರು ಕಿವುಡರು, ದಪ್ಪ ಮೀಸೆಯವರು. ದೀಪವನ್ನು ಎರಡು ಸಲ ಆರಿಸಿ ಹೊತ್ತಿಸಿ ತರಗತಿ ಶುರುಮಾಡಿದರು. ಮೊದಲ ನಿಯಮ, ಎಲ್ಲರೂ ತಮ್ಮ ದನಿಯನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬರಬೇಕು. ಹೇಳಬೇಕಾದ್ದನ್ನೆಲ್ಲ ಕೈಯಲ್ಲೇ ಹೇಳಬೇಕು, ಊಟದ ಹೊತ್ತಿನಲ್ಲೂ. ಬಾಯಿಗೇ ಸಂಬಳ ಪಡೆಯುವ ಹನ್ನೆರಡು ಜನ ಮೂಕರಾಗಿ ಕೂತರು. ಸಕ್ಕರೆಯ ಪಕ್ಕದಲ್ಲಿ ಕೂತಿದ್ದ ಕೋರ್ಟಿನ ದುಭಾಷಿಯೊಬ್ಬ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಬಲ್ಲವನು. ಅವನ ಗೊರಕೆ ಮೇಷ್ಟ್ರಿಗೆ ಕೇಳುತ್ತಿರಲಿಲ್ಲ, ಕೇಳುತ್ತಿದ್ದವರು ಹೇಳುವ ಹಾಗಿರಲಿಲ್ಲ. ಎರಡನೆಯ ದಿನ ಊಟದಲ್ಲಿ ಸಕ್ಕರೆ, ಉಪ್ಪು ಕೊಡಿ ಎಂದು ಸನ್ನೆ ಮಾಡಲು ಕೈಯಲ್ಲಿದ್ದ ತಟ್ಟೆಯನ್ನು ಬಿಟ್ಟಳು. ಆಮೇಲೆ ಉಪ್ಪಿನ ಅಗತ್ಯ ಬೀಳಲಿಲ್ಲ.

ದನಿ ಬೇಕಾಗುತ್ತಿದ್ದದ್ದು ಒಂದೇ ಹೊತ್ತಿನಲ್ಲಿ. ಮೇಷ್ಟ್ರು ಯಾರಾದರೂ ಕಿವುಡರು ಮಾತಾಡುವ ವಿಡಿಯೋ ಹಾಕುತ್ತಿದ್ದರು, ಒಬ್ಬ ದುಭಾಷಿ ಅದನ್ನು ಬಾಯಲ್ಲಿ ಹೇಳಬೇಕು. ಇದರಲ್ಲೇನು ಮಹಾ ಎಂದು ಸಕ್ಕರೆ ಸೆರಗು ಸರಿಮಾಡಿಕೊಂಡು ಎದ್ದಳು. ಆದರೆ ಮೂಲೆಯಲ್ಲಿ ಒಬ್ಬ ಬೆರಳಚ್ಚಿನ ಹೆಂಗಸು ಕಂಪ್ಯೂಟರಿನ ಮುಂದೆ ಕೂತಿದ್ದಳು. ದುಭಾಷಿಯ ಬಾಯಿಂದ ಬಿದ್ದ ಪ್ರತಿಯೊಂದು ಮಾತೂ ಆಕೆಯ ಬೆರಳಿನಿಂದ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡುತ್ತಿತ್ತು. ಮೇಷ್ಟ್ರೂ ಅವರ ಜೊತೆಗಿದ್ದ ಇಬ್ಬರು ಕಿವುಡ ಪರೀಕ್ಷಕರೂ ಅದನ್ನು ಓದುತ್ತಿದ್ದರು. ಇಷ್ಟು ವರ್ಷ ಸಕ್ಕರೆ ಕಿವುಡರ ಹೆಸರಿನಲ್ಲಿ ಏನೇನು ಹೇಳಿದ್ದಳೋ ಅದು ಹೀಗೆ ಅಕ್ಷರಕ್ಷರವಾಗಿ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

ವಿಡಿಯೋದಲ್ಲಿ ಒಬ್ಬ ತರಕಾರಿ ಮಾರುವವಳು, ಟೊಮೇಟೊ ಒತ್ತಿ ನೋಡುವ ಗಿರಾಕಿಯ ಜಾತಕ ಬಿಡಿಸುತ್ತಿದ್ದಳು. ಒತ್ತೋಕೆ ಇದೇನು ನಿನ್ನ ಗಂಡನ ಕೆನ್ನೆಯಾ, ನಿನ್ನದು ಕೊಳ್ಳುವ ಮುಖವೇ ಅಲ್ಲ, ನಡಿ ಎಂದು ಅವಳ ಕೈಗಳು ಬೆಂಕಿ ಕಾರಿದವು. ಗೋಡೆಯ ಮೇಲೆ, ದಯವಿಟ್ಟು ಟೊಮೇಟೊ ಒತ್ತಬೇಡಿ, ಇಷ್ಟವಾದರೆ ಕೊಳ್ಳಬಹುದು ಎಂದು ಮೂಡಿತು. ಪರೀಕ್ಷಕರು ನೆಲಕ್ಕೆ ಕಾಲು ಬಡಿದು ನಕ್ಕರು. ಈ ತರಕಾರಿಯವಳು ಬೆಳಿಗ್ಗೆ ಪನ್ನೀರಿನಲ್ಲಿ ಸ್ನಾನ ಮಾಡಿ ಬಂದಿದ್ದಳಾ ಎಂದು ಮೇಷ್ಟ್ರು ಕೇಳಿದರು. ಪರೀಕ್ಷಕರಲ್ಲಿ ಒಬ್ಬಳು ತನ್ನ ಎಡಗೈ ಲೋಟಕ್ಕೆ ಬಲಗೈಯಿಂದ ಒಂದು ಚಿಟಿಕೆ ಹಾಕಿದಳು, ಮತ್ತೊಂದು ಹಾಕಿದಳು, ಕೊನೆಗೆ ಇಡೀ ಮೂಟೆಯನ್ನೇ ಎತ್ತಿ ಸುರಿದಳು. ಸಕ್ಕರೆಗೆ ತನ್ನ ಹೆಸರಿನ ಅರ್ಥ ಆ ಗಳಿಗೆಯಲ್ಲಿ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಊಟಕ್ಕೆ ಹೋಗುವಾಗ ಅವಳು ಮೇಷ್ಟ್ರನ್ನು ತಡೆದು, ಸಿಟ್ಟಿನ ಮಾತನ್ನು ತಿಳಿಮಾಡಿ ಹೇಳಿದರೆ ಯಾರಿಗೇನು ನಷ್ಟ ಎಂದು ವಾದಕ್ಕೆ ನಿಂತಳು. ಮೇಷ್ಟ್ರು ನಿಧಾನವಾಗಿ ಉತ್ತರಿಸಿದರು.

"ಅವಳಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಅವಳದ್ದು. ನೀವ್ಯಾಕೆ ಇಟ್ಕೊಂಡ್ರಿ?"

ಸಕ್ಕರೆ ಅಂದು ತಟ್ಟೆಯ ಅನ್ನವನ್ನು ಹಾಗೇ ಬಿಟ್ಟೆದ್ದಳು. ಮುಂದಿನ ದಿನಗಳಲ್ಲಿ ಅವಳು ಹಟ ಹಿಡಿದು ಕಲಿತಳು. ಬೈಗುಳವನ್ನು ಬೈಗುಳವಾಗಿಯೇ ಹೇಳುವುದು ಅವಳಿಗೆ ಕಹಿ ಕಷಾಯ ಕುಡಿದಷ್ಟು ಕಷ್ಟವಾಯಿತು. ಬಾಯಿ ಬೈದರೆ ಮುಖ ಕ್ಷಮೆ ಕೇಳುತ್ತಿತ್ತು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು, ನಿನ್ನ ಮುಖಕ್ಕಿಷ್ಟು ಎಂದು ಅಭ್ಯಾಸ ಮಾಡುತ್ತಿದ್ದರೆ ಗಂಡ ಎರಡು ದಿನ ಹಿತ್ತಲಲ್ಲೇ ಕಾಲ ಕಳೆದ. ಹೇಳಿದ್ದು ತಪ್ಪಾಯಿತೆಂದು ಗೊತ್ತಾದರೆ ನಾಚದೆ ಅಲ್ಲೇ ನಿಲ್ಲಿಸಿ, ದುಭಾಷಿ ತಪ್ಪು ಹೇಳಿದ್ದಾಳೆ, ತಿದ್ದಿಕೊಳ್ಳುತ್ತಾಳೆ ಎಂದು ಎಲ್ಲರ ಮುಂದೆ ಹೇಳಬೇಕೆಂದೂ ಮೇಷ್ಟ್ರು ಕಲಿಸಿದರು. ಅಂಥ ಮಾತು ತನ್ನ ಬಾಯಲ್ಲಿ ಬರುವ ದಿನ ಬರಲಿಕ್ಕಿಲ್ಲ ಎಂದುಕೊಂಡಳು ಸಕ್ಕರೆ. ಅಹಂಕಾರ ಒಂದು ವಾರದಲ್ಲಿ ಹೋಗುವ ಕಾಯಿಲೆಯಲ್ಲ.

ಶನಿವಾರ ಪರೀಕ್ಷೆ. ಊರಿನ ಕಿವುಡರ ಸಂಘದಿಂದ ಹನ್ನೆರಡು ಜನ ಬಂದಿದ್ದರು. ಒಬ್ಬೊಬ್ಬರೂ ತಮ್ಮ ಬದುಕಿನ ಒಂದು ಘಟನೆ ಹೇಳಬೇಕು, ಚೀಟಿ ಎತ್ತಿದಾಗ ಸಿಕ್ಕ ದುಭಾಷಿ ಅದಕ್ಕೆ ದನಿ ಕೊಡಬೇಕು. ಸಕ್ಕರೆ ಎತ್ತಿದ ಚೀಟಿಯಲ್ಲಿ ಒಂದು ಕತ್ತರಿಯ ಚಿತ್ರವಿತ್ತು. ಕತ್ತರಿ ಅಕ್ಕನ ಸನ್ನೆಹೆಸರು. ತಲೆ ಎತ್ತಿ ನೋಡಿದರೆ ಅಕ್ಕ ಇಸ್ತ್ರಿ ಮಾಡಿದ ಸೀರೆಯಲ್ಲಿ ಆಗಲೇ ಎದ್ದು ನಿಂತಿದ್ದಳು. ರಕ್ತಸಂಬಂಧಿಗಳಿಗೆ ದುಭಾಷಿಯಾಗುವುದು ನಿಯಮದ ಪ್ರಕಾರ ಸರಿಯಲ್ಲ, ಬೇಕಾದರೆ ಇನ್ನೊಂದು ಚೀಟಿ ಎತ್ತಿ ಎಂದರು ಮೇಷ್ಟ್ರು. ಅಕ್ಕ ಬೇಡವೆಂದು ಕೈಯಾಡಿಸಿದಳು. ಅಕ್ಕನೇ ಹೆದರದಿರುವಾಗ ತಾನು ಹೆದರುವುದೇ ಎಂದು ತಂಗಿಯೂ ಬೇಡವೆಂದಳು.

ಅಕ್ಕ ಶುರುಮಾಡಿದಳು. ಕಳೆದ ವರ್ಷ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಸಕ್ಕರೆ ಅದನ್ನು ಹೇಳಿದಳು. ಹುಡುಗನ ಅಜ್ಜಿ ಒಂದು ಪ್ರಶ್ನೆ ಕೇಳಿದಳು. ಅದನ್ನೂ ಹೇಳಿದಳು. ಅಂದು ನನಗೆ ದುಭಾಷಿಯಾಗಿ ಕೂತಿದ್ದ ನನ್ನ ತಂಗಿ ಆ ಪ್ರಶ್ನೆಯನ್ನು ಬದಲಾಯಿಸಿದಳು, ನಾನು ಎಲ್ಲರ ನಡುವೆ ಹುಚ್ಚಿಯ ಹಾಗೆ ನಕ್ಕೆ ಎಂದು ಅಕ್ಕನ ಕೈ ಹೇಳಿತು.

"ನನ್ನ ತಂಗಿಗೆ ಆ ಪ್ರಶ್ನೆ ಸರಿಯಾಗಿ ಕೇಳಿಸಿರಲಿಲ್ಲ," ಎಂದಿತು ಸಕ್ಕರೆಯ ಬಾಯಿ, ಅವಳನ್ನು ಕೇಳದೆಯೇ.

ಗೋಡೆಯ ಮೇಲೆ ಅಕ್ಷರಗಳು ಮೂಡಿದವು. ಅಕ್ಕ ಕತ್ತು ತಿರುಗಿಸಿ ಓದಿದಳು. ಅವಳ ಎರಡು ಕೈಗಳೂ ಕೆಳಗಿಳಿದು ಸೊಂಟದ ಪಕ್ಕ ಸುಮ್ಮನಾದವು. ಸಿಟ್ಟಿರಲಿಲ್ಲ, ಕಾಯುತ್ತಿದ್ದಳು. ಕಾಯುತ್ತಿರುವ ಅಕ್ಕನ ಮುಖವನ್ನು ಸಕ್ಕರೆ ಅಷ್ಟು ಹೊತ್ತು ನೋಡಿದ್ದೇ ಇಲ್ಲ, ಯಾವಾಗಲೂ ಅಷ್ಟರಲ್ಲಿ ಏನಾದರೊಂದು ಹೇಳಿ ಮುಗಿಸಿಬಿಟ್ಟಿರುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು.

"ದುಭಾಷಿ ತಪ್ಪು ಹೇಳಿದ್ದಾಳೆ, ತಿದ್ದಿಕೊಳ್ತಾಳೆ. ನನ್ನ ತಂಗಿ ಆ ಪ್ರಶ್ನೆನ ಬದಲಾಯಿಸಿದ್ಲು. ನಾನು ಎಲ್ರ ನಡುವೆ ಹುಚ್ಚಿ ಹಾಗೆ ನಕ್ಕೆ."

ಅಕ್ಕನ ಕೈ ಮತ್ತೆ ಮೇಲೆದ್ದಿತು. ಈ ಸಲ ಸಕ್ಕರೆ ಒಂದು ಮಾತನ್ನೂ ಬಿಡಲಿಲ್ಲ. ಸೋರುವ ಮೂಗನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಹೇಳಿದಳು.

"ನನಗೆ ಅವಮಾನ ಮಾಡಿದ್ದು ಆ ಅಜ್ಜಿಯಲ್ಲ. ಅಜ್ಜಿ ಕೇಳಿದ್ರೆ ನನ್ನ ಹತ್ರ ಜವಾಬಿತ್ತು, ಚೆನ್ನಾಗಿರೋ ಜವಾಬೇ ಇತ್ತು. ಅದನ್ನ ಹೇಳೋಕೆ ಬಿಡದೆ ಇದ್ದೋಳು ನನ್ನ ತಂಗಿ. ಪಾಪ, ಅಂಗೈ ಅಗಲ ಇದ್ದಾಗಿಂದ ನನಗೋಸ್ಕರ ಸುಳ್ಳು ಹೇಳ್ತಾನೇ ಬಂದಿದ್ದಾಳೆ. ಇನ್ನು ಸಾಕು ಅಂತ ನಾನೂ ಹೇಳ್ಲಿಲ್ಲ. ಇವತ್ತು ಹೇಳ್ತಿದೀನಿ. ಇನ್ನೊಂದ್ ಮಾತು. ಲೋಕದ ಮಾತಿಗೆಲ್ಲ ರುಚಿ ಹಾಕೋ ಇವಳು ಅಡಿಗೆಗೆ ಮಾತ್ರ ಒಂದು ದಿನಾನೂ ಹಾಕ್ಲಿಲ್ಲ."

ಕೊನೆಯ ಮಾತನ್ನು ಸಕ್ಕರೆ ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ ಕೋರ್ಟಿನ ದುಭಾಷಿಗೆ ಎಚ್ಚರವಾಯಿತು. ಅಕ್ಕ ಗೋಡೆಯನ್ನು ಓದಿದಳು. ತಾನು ಹೇಳಿದ್ದೇ ಅಲ್ಲಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳು ಅದನ್ನು ಮತ್ತೊಮ್ಮೆ ಓದಿದಳು. ಪರೀಕ್ಷಕರು ಎರಡೂ ಕೈ ಮೇಲೆತ್ತಿ ಆಡಿಸಿದರು, ಕಿವುಡರ ಚಪ್ಪಾಳೆ ಎಂದರೆ ಅದೇ. ಸಕ್ಕರೆ ಪಾಸಾದಳು.

ಹೊರಗೆ ಓಣಿಯಲ್ಲಿ ಅಕ್ಕ ಚಪ್ಪಲಿ ಹುಡುಕುತ್ತಿದ್ದಾಗ ಸಕ್ಕರೆ ಎದುರಿಗೆ ಹೋಗಿ ನಿಂತಳು. ಪಾಸಾದೆನಲ್ಲ, ನಾಳೆ ಕೊಕ್ಕರೆಗೆ ಬರಬೇಡ ಅಂತ ಹೇಳಿಬಿಡು, ನಾನೇ ಕೂರುತ್ತೇನೆ, ಎಲ್ಲವನ್ನೂ ಇದ್ದ ಹಾಗೇ ಹೇಳುತ್ತೇನೆ ಎಂದು ಒಂದೇ ಉಸಿರಿಗೆ ಕೈಯಾಡಿಸಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಸಕ್ಕರೆಯ ಮುಖ ಸಣ್ಣದಾಯಿತು. ಇನ್ನೂ ನಂಬಿಕೆ ಬರಲಿಲ್ಲವಾ ಎಂದು ಕೇಳಿದಳು.

"ಬಂತು," ಎಂದಿತು ಅಕ್ಕನ ಕೈ. "ಆದ್ರೆ ದುಭಾಷಿನ ಎಲ್ಲಿಂದಾದ್ರೂ ಕರ್ಕೊಂಡ್ ಬರ್ತೀನಿ. ನಾಳೆ ನನ್ನ ಪಕ್ಕದಲ್ಲಿ ಕೂರೋಕೆ ತಂಗಿನ ಎಲ್ಲಿಂದ ತರ್ಲಿ?"

ಭಾನುವಾರ ಗಂಡಿನ ಕಡೆಯಿಂದ ಹುಡುಗ, ಅವನ ತಾಯಿ, ತಾಯಿಯ ಅಣ್ಣ ಬಂದರು. ಕೊಕ್ಕರೆ ಬೀಗಿತ್ತಿಯಾಗುವವರ ಪಕ್ಕದಲ್ಲಿ, ಅಕ್ಕನಿಗೆ ನೇರವಾಗಿ ಕಾಣುವಂತೆ ಕೂತಳು. ಸಕ್ಕರೆ ಅಕ್ಕನ ಮಗ್ಗುಲಲ್ಲಿ, ಮಾಡಲು ಏನೂ ಕೆಲಸವಿಲ್ಲದೆ. ಹಾಗೆ ಕೂರುವುದು ಅವಳಿಗೆ ಹೊಸದು. ಹುಡುಗನ ಸೋದರಮಾವ ಊರ ಹಿರಿತನವನ್ನೆಲ್ಲ ತಾನೇ ಹೊತ್ತವನಂತೆ ಕಾಲ ಮೇಲೆ ಕಾಲು ಹಾಕಿ, ಮದುವೆಯಾದ ಮೇಲೆ ಈ ಕಿವುಡು ತಾಯಿಯ ಭಾರ ನಮ್ಮ ಹುಡುಗನ ತಲೆಗೆ ಬರುತ್ತದೆಯೋ ಹೇಗೆ ಎಂದು ಕೇಳಿದ. ಸಕ್ಕರೆಯ ಕೈಗಳು ತಾವಾಗಿಯೇ ಮೇಲೇಳತೊಡಗಿದವು. ಅವನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಳು. ಕೊಕ್ಕರೆ ಭಾರವನ್ನು ಭಾರವಾಗಿಯೇ, ಕಿವುಡನ್ನು ಕಿವುಡಾಗಿಯೇ ದಾಟಿಸಿದಳು.

ಅಕ್ಕ ಕಣ್ಣು ಕಿರಿದು ಮಾಡಿದಳು. ನನ್ನ ಅಂಗಡಿಯಲ್ಲಿ ನಾಲ್ಕು ಜನ ದುಡಿಯುತ್ತಾರೆ, ನನ್ನ ಭಾರ ನಾನೇ ಹೊತ್ತು ಇನ್ನೂ ಸ್ವಲ್ಪ ಜಾಗ ಮಿಕ್ಕಿದೆ, ನಿಮ್ಮ ಭಾರ ಈಗ ಯಾರು ಹೊರುತ್ತಿದ್ದಾರೆ ಎಂದು ಕೇಳಿದಳು. ಕೊಕ್ಕರೆಯ ಬಾಯಿ ಅದನ್ನು ತಣ್ಣಗೆ, ಪೂರ್ತಿಯಾಗಿ ಹೇಳಿತು. ಸೋದರಮಾವನ ಕಾಲ ಮೇಲಿದ್ದ ಕಾಲು ಕೆಳಗಿಳಿಯಿತು. ಸಕ್ಕರೆಗೆ ಮುಗಿಯಿತು ಈ ಸಂಬಂಧವೂ ಎನ್ನಿಸಿತು. ಹುಡುಗನ ತಾಯಿ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಆಮೇಲೆ ಕೈ ತೆಗೆದು, ನಮ್ಮಣ್ಣ ನಮ್ಮ ಮನೆಗೆ ಬಂದು ಆರು ವರ್ಷ ಆಯ್ತು, ಈ ಪ್ರಶ್ನೆ ಕೇಳೋಕೆ ನನಗೆ ಧೈರ್ಯ ಸಾಲಲಿಲ್ಲ ಎಂದು ಅಕ್ಕನನ್ನೇ ನೋಡಿ ಹೇಳಿದರು.

ಅಕ್ಕ ಈಗ ತಂಗಿಯ ಕಡೆ ತಿರುಗಿದಳು. ನಿನಗೇನನ್ನಿಸುತ್ತೆ ಎಂದು ಕೇಳಿದಳು. ಇಷ್ಟು ವರ್ಷ ಇಷ್ಟು ಕೋಣೆಗಳಲ್ಲಿ ಕೂತಿದ್ದರೂ ಸಕ್ಕರೆಯನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವಳ ಬಾಯಲ್ಲಿ ಸದಾ ಇನ್ನೊಬ್ಬರ ಮಾತೇ ಇರುತ್ತಿತ್ತು, ತನ್ನದು ಎಲ್ಲಿದೆಯೆಂದು ಹುಡುಕಲು ಒಂದು ಗಳಿಗೆ ಬೇಕಾಯಿತು. ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು.

"ಹುಡುಗ ಒಳ್ಳೆಯೋನು, ಅವರಮ್ಮ ಅವನಿಗಿಂತ ಒಳ್ಳೆಯೋರು," ಎಂದಳು. "ಮಗಳನ್ನ ಕೊಡು. ಸೋದರಮಾವ ಮಾತ್ರ ಮದುವೆಗೊಂದು ಬಂದು ಹೋಗ್ಲಿ, ಆಮೇಲೆ ಈ ಕಡೆ ತಲೆ ಹಾಕೋದು ಬೇಡ."

ಕೊಕ್ಕರೆ ಅದನ್ನು ಸನ್ನೆ ಮಾಡಿದಳು. ಅಕ್ಕ ಕೊಕ್ಕರೆಯ ಕೈ ನೋಡಿದಳು, ನಂಬಲಾರದೆ ತಂಗಿಯ ಮುಖ ನೋಡಿದಳು, ನಿಜವಾಗಿಯೂ ಹೀಗೇ ಅಂದೆಯಾ ಎಂದು ಹುಬ್ಬಿನಲ್ಲೇ ಕೇಳಿದಳು. ಸಕ್ಕರೆ ತಲೆಯಾಡಿಸಿದಳು. ಅಕ್ಕನಿಗೆ ನಗು ಒತ್ತರಿಸಿ ಬಂತು. ಅಕ್ಕನ ನಗುವಿಗೆ ಹಿಡಿತವಿಲ್ಲ, ಅದು ಬೀದಿಯ ತುದಿಗೆ ಕೇಳುವ ನಗು. ಚಿಕ್ಕಂದಿನಲ್ಲಿ ನೆಂಟರ ಮುಂದೆ ಅದು ಹೊರಟಾಗಲೆಲ್ಲ ಸಕ್ಕರೆ ಓಡಿಹೋಗಿ ಅಕ್ಕನ ಬಾಯಿ ಮುಚ್ಚುತ್ತಿದ್ದಳು. ಇವತ್ತು ಹುಡುಗ ಬೆಚ್ಚಿ ಚಹಾ ಚೆಲ್ಲಿಕೊಂಡ, ಸೋದರಮಾವ ಎದ್ದೇ ನಿಂತ, ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯತ್ತ ಬಗ್ಗಿ ನೋಡಿದರು. ಸಕ್ಕರೆ ಕೈ ಎತ್ತಲಿಲ್ಲ. ಅಕ್ಕ ಮನಸಾರೆ ನಕ್ಕು ಮುಗಿಸುವವರೆಗೂ ಅವಳ ಪಕ್ಕದಲ್ಲೇ ಕೂತಿದ್ದಳು.